ತೆರೆಯ ಮೇಲೆ ಹೆಣ್ಣನ್ನು ಪ್ರೀತಿಸುವ ಹೆಣ್ಣು: ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರು ಮತ್ತು ಮಂಡ್ಯದ ಕಾಲೇಜುಗಳಲ್ಲಿ, ಓದುಗರ ಬಳಗಗಳಲ್ಲಿ, ಸಿನಿಮಾ ನೋಡಿದ ಮೇಲೆ ನಡೆಯುವ ಮಾತುಕತೆಗಳಲ್ಲಿ ಮತ್ತೆ ಮತ್ತೆ ಎದುರಾಗುವ ಪ್ರಶ್ನೆಗಳನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ. ಕೇಳುವವರಲ್ಲಿ ವಿದ್ಯಾರ್ಥಿನಿಯರಿದ್ದಾರೆ, ಅಧ್ಯಾಪಕರಿದ್ದಾರೆ, ಹೆತ್ತವರಿದ್ದಾರೆ. ಕೆಲವು ಪ್ರಶ್ನೆಗಳಲ್ಲಿ ಕುತೂಹಲವಿದೆ, ಕೆಲವುಗಳಲ್ಲಿ ಸಿಟ್ಟಿದೆ. ಎರಡಕ್ಕೂ ಒಂದೇ ಗಾಂಭೀರ್ಯದಿಂದ ಉತ್ತರ ಕೊಡುವುದು ಈ ಪುಟದ ಉದ್ದೇಶ.

ಇಲ್ಲಿ ಯಾರ ಚಿತ್ರಣದ ಬಗ್ಗೆ ಮಾತು? ‘ನಾನು ಅವನಲ್ಲ... ಅವಳು’ ಚಿತ್ರವೂ ಇದರಲ್ಲಿ ಸೇರುತ್ತದೆಯೇ?

ಹೆಣ್ಣಿನ ಕಡೆಗೆ ಒಲವುಳ್ಳ ಹೆಣ್ಣನ್ನು, ಅಂದರೆ ಲೆಸ್ಬಿಯನ್ ಮಹಿಳೆಯನ್ನು, ಸಿನಿಮಾ, ಧಾರಾವಾಹಿ, ನಾಟಕ, ಕಥೆ ಮತ್ತು ಜಾಹೀರಾತುಗಳು ಹೇಗೆ ತೋರಿಸಿವೆ ಎಂಬುದಷ್ಟೇ ಇಲ್ಲಿಯ ವಿಷಯ. ಬಿ.ಎಸ್. ಲಿಂಗದೇವರು ನಿರ್ದೇಶಿಸಿದ, ಸಂಚಾರಿ ವಿಜಯ್ ಅವರಿಗೆ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿಯನ್ನು ತಂದುಕೊಟ್ಟ ‘ನಾನು ಅವನಲ್ಲ... ಅವಳು’ ಒಬ್ಬ ಟ್ರಾನ್ಸ್‌ಜೆಂಡರ್ ಮಹಿಳೆಯ ಬದುಕಿನ ಕಥೆ. ಅಲ್ಲಿಯ ಪ್ರಶ್ನೆ ‘ನಾನು ಯಾರು’ ಎಂಬುದು. ‘ನನ್ನ ಒಲವು ಯಾರ ಮೇಲೆ’ ಎಂಬುದು ಬೇರೆಯೇ ಪ್ರಶ್ನೆ. ವಸುಧೇಂದ್ರ ಅವರ ‘ಮೋಹನಸ್ವಾಮಿ’ಯ ಕಥೆಗಳು ಗಂಡನ್ನು ಪ್ರೀತಿಸುವ ಗಂಡಿನವು. ಈ ಎರಡೂ ಕೃತಿಗಳು ಕನ್ನಡದಲ್ಲಿ ಮಾತಿಗೆ ದಾರಿ ಮಾಡಿಕೊಟ್ಟವು ಎಂಬುದು ನಿಜ. ಆದರೆ ಆ ದಾರಿಯಲ್ಲಿ ಲೆಸ್ಬಿಯನ್ ಮಹಿಳೆ ಇನ್ನೂ ಅಷ್ಟಾಗಿ ಕಾಣಿಸಿಕೊಂಡಿಲ್ಲ.

ಇದೆಲ್ಲ ಪಶ್ಚಿಮದಿಂದ ಬಂದ ಗೀಳು ಅಲ್ಲವೇ? ನಮ್ಮ ಕಥೆಗಳಲ್ಲಿ ಇಂಥದ್ದು ಎಲ್ಲಿತ್ತು?

ಇತ್ತು. ವಾತ್ಸ್ಯಾಯನನ ಕಾಮಸೂತ್ರವು ಅಂತಃಪುರದ ಹೆಂಗಸರು ತಮ್ಮ ಸಖಿಯರಿಗೂ ದಾಸಿಯರಿಗೂ ಗಂಡಿನ ವೇಷ ತೊಡಿಸಿ ಅವರೊಡನೆ ಕೂಡುವುದನ್ನು ಯಾವ ಗಾಬರಿಯೂ ಇಲ್ಲದೆ ದಾಖಲಿಸುತ್ತದೆ. ಕೃತ್ತಿವಾಸನ ಬಂಗಾಳಿ ರಾಮಾಯಣದ ಕೆಲವು ಪಾಠಗಳಲ್ಲಿ ಭಗೀರಥನು ಶಿವನ ವರದಿಂದ ದಿಲೀಪನ ಇಬ್ಬರು ವಿಧವೆ ರಾಣಿಯರ ಕೂಟದಿಂದ ಹುಟ್ಟುತ್ತಾನೆ. ಇವುಗಳನ್ನು ಹಿಡಿದುಕೊಂಡು ಹಿಂದಿನ ಕಾಲವೆಲ್ಲ ಉದಾರವಾಗಿತ್ತು ಎಂದು ಸಾಧಿಸಹೊರಟರೆ ಅದು ಅತಿಯಾಗುತ್ತದೆ. ಕಾಮಸೂತ್ರದ ಆ ಭಾಗದಲ್ಲಿ ಹೆಂಗಸರು ಹಾಗೆ ಮಾಡುವುದು ಅವರೆಲ್ಲರಿಗೂ ಇರುವವನು ಒಬ್ಬನೇ ಗಂಡ ಎಂಬ ಕಾರಣಕ್ಕೆ. ಗಂಡಿನ ಕೊರತೆಯಿಂದ ಹೆಣ್ಣು ಹೆಣ್ಣಿನ ಬಳಿಗೆ ಹೋಗುತ್ತಾಳೆ ಎಂಬ ಆ ವಿವರಣೆ ಇಂದಿನ ಸಿನಿಮಾಗಳವರೆಗೂ ನಡೆದುಬಂದಿದೆ. ಅದನ್ನು ಮುಂದೆ ನೋಡೋಣ.

ಆಧುನಿಕ ಕಾಲಕ್ಕೆ ಬಂದರೆ, ಇಸ್ಮತ್ ಚುಗ್ತಾಯಿ ಅವರ ಉರ್ದು ಕಥೆ ‘ಲಿಹಾಫ್’ 1942ರಲ್ಲಿ ಪ್ರಕಟವಾಯಿತು. ಗಂಡನ ನಿರ್ಲಕ್ಷ್ಯದಲ್ಲಿ ಬಾಡುತ್ತಿರುವ ಬೇಗಂ ಮತ್ತು ಆಕೆಯ ಮೈ ತಿಕ್ಕುವ ದಾಸಿಯ ನಡುವಿನ ಸಂಬಂಧವನ್ನು ಅಲ್ಲಿ ಒಬ್ಬ ಪುಟ್ಟ ಹುಡುಗಿಯ ಅರ್ಧ ಅರ್ಥವಾಗುವ ಕಣ್ಣಿನಿಂದ ಹೇಳಲಾಗಿದೆ. ಲಾಹೋರಿನಲ್ಲಿ ಅಶ್ಲೀಲತೆಯ ಮೊಕದ್ದಮೆ ನಡೆಯಿತು. ಅಶ್ಲೀಲವೆಂದು ಬೆರಳಿಟ್ಟು ತೋರಿಸಬಹುದಾದ ಒಂದು ಪದವೂ ಕಥೆಯಲ್ಲಿ ಸಿಗದೆ ಹೋದದ್ದರಿಂದ ಲೇಖಕಿ ಬಿಡುಗಡೆಯಾದರು. ಏನನ್ನೂ ಹೆಸರಿಸದೆ ಎಲ್ಲವನ್ನೂ ಹೇಳುವ ಆ ಬರವಣಿಗೆಯೇ ಅವರನ್ನು ಕಾಪಾಡಿತು.

ಹೆಸರಿಸದೆ ಇರುವುದಕ್ಕೆ ಇನ್ನೊಂದು ಮುಖವೂ ಇದೆ. 1921ರಲ್ಲಿ ಬ್ರಿಟನ್ನಿನಲ್ಲಿ ಹೆಂಗಸರ ನಡುವಿನ ಸಂಬಂಧವನ್ನು ಅಪರಾಧವಾಗಿಸುವ ಪ್ರಸ್ತಾಪವೊಂದು ಸಂಸತ್ತಿನ ಮುಂದೆ ಬಂದಾಗ ಮೇಲ್ಮನೆ ಅದನ್ನು ತಳ್ಳಿಹಾಕಿತು. ಅದು ಕರುಣೆಯಿಂದ ಬಂದ ತೀರ್ಮಾನವಾಗಿರಲಿಲ್ಲ. ಬಹುಪಾಲು ಹೆಂಗಸರಿಗೆ ಇಂಥದ್ದೊಂದು ಇದೆಯೆಂಬುದೇ ಗೊತ್ತಿಲ್ಲ, ಕಾನೂನು ಮಾಡಿದರೆ ನಾವೇ ತಿಳಿಸಿಕೊಟ್ಟಂತಾಗುತ್ತದೆ ಎಂಬುದು ಅಲ್ಲಿಯ ಹಿರಿಯರ ವಾದವಾಗಿತ್ತು. ಜನಪ್ರಿಯ ಸಂಸ್ಕೃತಿಯಲ್ಲಿ ಲೆಸ್ಬಿಯನ್ ಮಹಿಳೆಯ ಚರಿತ್ರೆಯನ್ನು ಓದುವಾಗ ನಿಷೇಧಕ್ಕಿಂತ ಹೆಚ್ಚಾಗಿ ಈ ಮೌನವನ್ನೇ ಗಮನಿಸಬೇಕು ಎಂಬುದು ಈ ಬರಹಗಾರರ ಅಭಿಪ್ರಾಯ.

ಇಂಥ ಕಥೆಗಳಲ್ಲಿ ಕೊನೆಗೆ ಒಬ್ಬಳಾದರೂ ಏಕೆ ಸಾಯುತ್ತಾಳೆ?

ಈ ಪ್ರಶ್ನೆಯನ್ನು ಹೆಚ್ಚಾಗಿ ವಿದ್ಯಾರ್ಥಿನಿಯರು ಕೇಳುತ್ತಾರೆ. ಅವರ ಅನುಮಾನಕ್ಕೆ ಆಧಾರವಿದೆ. ಅಮೆರಿಕದ ಚಿತ್ರೋದ್ಯಮವು 1934ರಿಂದ ಕಟ್ಟುನಿಟ್ಟಾಗಿ ಜಾರಿಗೆ ತಂದು 1968ರವರೆಗೆ ಇಟ್ಟುಕೊಂಡಿದ್ದ ಹೇಸ್ ಸಂಹಿತೆಯು ‘ಲೈಂಗಿಕ ವಿಕೃತಿ’ಯನ್ನು ತೋರಿಸುವುದಿರಲಿ, ಸೂಚಿಸುವುದನ್ನೂ ನಿಷೇಧಿಸಿತ್ತು. 1961ರಲ್ಲಿ ಆ ನಿಯಮ ಸ್ವಲ್ಪ ಸಡಿಲವಾಯಿತು. ಅದೇ ವರ್ಷ ಬಂದ ವಿಲಿಯಂ ವೈಲರ್ ಅವರ ‘ದಿ ಚಿಲ್ಡ್ರನ್ಸ್ ಅವರ್’ ಚಿತ್ರದಲ್ಲಿ ಸಹೋದ್ಯೋಗಿ ಶಿಕ್ಷಕಿಯ ಮೇಲೆ ತನಗಿರುವ ಪ್ರೀತಿಯನ್ನು ಒಪ್ಪಿಕೊಂಡವಳು ಕೊನೆಗೆ ನೇಣು ಹಾಕಿಕೊಳ್ಳುತ್ತಾಳೆ. ತೋರಿಸಬಹುದು, ಆದರೆ ಶಿಕ್ಷೆಯಾಗಬೇಕು ಎಂಬುದು ಆಗಿನ ಅಲಿಖಿತ ಒಪ್ಪಂದ. ಅದಕ್ಕೂ ಮೊದಲೇ, 1952ರಲ್ಲಿ, ಪೆಟ್ರಿಷಿಯಾ ಹೈಸ್ಮಿತ್ ಇಬ್ಬರು ಹೆಂಗಸರ ಪ್ರೇಮವನ್ನು ಸಾವಿಲ್ಲದೆ, ಪಶ್ಚಾತ್ತಾಪವಿಲ್ಲದೆ ಮುಗಿಸುವ ಕಾದಂಬರಿಯನ್ನು ಬರೆದಿದ್ದರು; ಆದರೆ ಅದನ್ನು ಬೇರೆ ಹೆಸರಿನಲ್ಲಿ ಪ್ರಕಟಿಸಿದ್ದರು. ‘ಕೆರೊಲ್’ ಎಂಬ ಹೆಸರಿನಲ್ಲಿ ಅದು ಸಿನಿಮಾ ಆಗಿ ಬರಲು 2015ರವರೆಗೆ ಕಾಯಬೇಕಾಯಿತು.

ಸಂಹಿತೆ ಹೋದ ಮೇಲೂ ಅಭ್ಯಾಸ ಹೋಗಲಿಲ್ಲ. 2016ರಲ್ಲಿ ‘ದಿ ಹಂಡ್ರೆಡ್’ ಎಂಬ ಅಮೆರಿಕದ ಧಾರಾವಾಹಿಯಲ್ಲಿ ಲೆಕ್ಸಾ ಎಂಬ ನಾಯಕಿ ತಾನು ಪ್ರೀತಿಸಿದವಳನ್ನು ಕೂಡಿದ ಬೆನ್ನಲ್ಲೇ ಯಾರಿಗೋ ಗುರಿಯಿಟ್ಟ ಗುಂಡಿಗೆ ಬಲಿಯಾದಾಗ ಹಲವು ದೇಶಗಳ ವೀಕ್ಷಕರು ಸಿಟ್ಟಿಗೆದ್ದರು. ಒಂದು ಪಾತ್ರದ ಸಾವಿಗೆ ಅಷ್ಟು ಕೋಪವೇಕೆ ಎಂದು ಕೇಳುವವರುಂಟು. ನಾಯಕ ನಾಯಕಿಯರ ನೂರು ಕಥೆಗಳಲ್ಲಿ ಹತ್ತು ದುರಂತವಾದರೆ ಅದು ದುರಂತ ಪ್ರಕಾರ ಎನಿಸುತ್ತದೆ. ಇರುವ ನಾಲ್ಕೇ ಕಥೆಗಳಲ್ಲಿ ಮೂರು ಸಾವಿನಲ್ಲಿ ಮುಗಿದರೆ ನೋಡುವ ಹುಡುಗಿ ಅದನ್ನು ಭವಿಷ್ಯವಾಣಿಯಂತೆ ಓದಿಕೊಳ್ಳುತ್ತಾಳೆ.

‘ಫೈರ್’ ಸಿನಿಮಾದ ಗಲಾಟೆ ಏನು? ಅದನ್ನು ನಿಷೇಧಿಸಲಾಗಿತ್ತೇ?

ನಿಷೇಧವಾಗಿತ್ತು ಎಂದು ಅನೇಕರು ನಂಬಿದ್ದಾರೆ. ವಾಸ್ತವ ಬೇರೆ. ದೀಪಾ ಮೆಹ್ತಾ ನಿರ್ದೇಶಿಸಿದ, ಶಬಾನಾ ಆಜ್ಮಿ ಮತ್ತು ನಂದಿತಾ ದಾಸ್ ನಟಿಸಿದ ಈ ಚಿತ್ರ 1996ರಲ್ಲಿ ತಯಾರಾಗಿ, ಸೆನ್ಸಾರ್ ಮಂಡಳಿಯ ಪ್ರಮಾಣಪತ್ರ ಪಡೆದು, 1998ರ ನವೆಂಬರಿನಲ್ಲಿ ಭಾರತದಲ್ಲಿ ಬಿಡುಗಡೆಯಾಯಿತು. ಕೆಲವು ವಾರ ಯಾವ ತಕರಾರೂ ಇಲ್ಲದೆ ಓಡಿತು. ಡಿಸೆಂಬರಿನ ಆರಂಭದಲ್ಲಿ ಶಿವಸೇನೆಯ ಕಾರ್ಯಕರ್ತರು ಮುಂಬೈಯಲ್ಲಿ, ಆಮೇಲೆ ದೆಹಲಿಯ ರೀಗಲ್ ಚಿತ್ರಮಂದಿರದಲ್ಲಿ ದಾಂಧಲೆ ನಡೆಸಿದರು. ಚಿತ್ರವನ್ನು ಮರುಪರಿಶೀಲನೆಗೆಂದು ಮಂಡಳಿಗೆ ಹಿಂದಕ್ಕೆ ಕಳುಹಿಸಲಾಯಿತು. 1999ರ ಫೆಬ್ರವರಿಯಲ್ಲಿ ಅದು ಯಾವ ಕತ್ತರಿ ಪ್ರಯೋಗವೂ ಇಲ್ಲದೆ ಮತ್ತೆ ಹೊರಬಂತು.

ಕಥೆ ನಡೆಯುವುದು ದೆಹಲಿಯ ಒಂದು ಅವಿಭಕ್ತ ಕುಟುಂಬದಲ್ಲಿ. ರಾಧಾ ಮತ್ತು ಸೀತಾ ಓರಗಿತ್ತಿಯರು. ಹಿರಿಯವಳ ಗಂಡ ಬ್ರಹ್ಮಚರ್ಯದ ವ್ರತ ಹಿಡಿದು ಹೆಂಡತಿಯನ್ನು ಪರೀಕ್ಷೆಯ ಸಾಧನವಾಗಿಸಿಕೊಂಡಿದ್ದಾನೆ; ಕಿರಿಯವಳ ಗಂಡನಿಗೆ ಬೇರೆ ಪ್ರೇಯಸಿ ಇದ್ದಾಳೆ. ಮಾತು ಬಾರದ ಅತ್ತೆ ಗಂಟೆ ಬಾರಿಸಿ ಸೇವೆಗೆ ಕರೆಯುತ್ತಾಳೆ. ಅಡುಗೆಮನೆಯಲ್ಲಿ, ಮಾಳಿಗೆಯ ಮೇಲೆ, ಗಂಡನ ಒಳಿತಿಗಾಗಿ ಹೆಂಡತಿ ಮಾಡುವ ಕರ್ವಾ ಚೌತ್ ಉಪವಾಸದ ದಿನ ಈ ಇಬ್ಬರು ಒಬ್ಬರನ್ನೊಬ್ಬರು ಕಂಡುಕೊಳ್ಳುತ್ತಾರೆ. ಹೆಸರುಗಳ ಸೂಕ್ಷ್ಮತೆಯಿಂದಾಗಿ ಹಿಂದಿ ಆವೃತ್ತಿಯಲ್ಲಿ ಸೀತಾ ನೀತಾ ಆದಳು. ನಮ್ಮ ಹಳೆಯ ಮೈಸೂರಿನ ದೊಡ್ಡ ಮನೆಗಳಲ್ಲಿ ಬೆಳೆದವರಿಗೆ ಈ ಚಿತ್ರದಲ್ಲಿ ಅಪರಿಚಿತವಾದದ್ದು ಬಹಳ ಕಡಿಮೆ: ಒಂದೇ ಒಲೆಯ ಮುಂದೆ ವರ್ಷಗಟ್ಟಲೆ ನಿಲ್ಲುವ ಓರಗಿತ್ತಿಯರ ನಡುವೆ ಮತ್ಸರವನ್ನೂ ಜಗಳವನ್ನೂ ತೋರಿಸಲು ನಮ್ಮ ಧಾರಾವಾಹಿಗಳು ಎಂದೂ ಬೇಸರಪಟ್ಟಿಲ್ಲ. ಪ್ರೀತಿ ಹುಟ್ಟಬಹುದು ಎಂಬುದು ಮಾತ್ರ ಅಸಹನೀಯವಾಯಿತು.

ಚಿತ್ರದ ಮೇಲೆ ನ್ಯಾಯವಾದ ಟೀಕೆಯೂ ಇದೆ. ಗಂಡಂದಿರು ಸರಿಯಿದ್ದಿದ್ದರೆ ಈ ಹೆಂಗಸರು ಹೀಗಾಗುತ್ತಿರಲಿಲ್ಲ ಎಂಬ ಅರ್ಥಕ್ಕೆ ಕಥೆ ಎಡೆಗೊಡುತ್ತದೆ. ಅಂದರೆ ಕಾಮಸೂತ್ರದ ಹಳೆಯ ವಿವರಣೆಯೇ ಇಲ್ಲಿಯೂ ಇದೆ. ಇಷ್ಟಾದರೂ ಕೊನೆಯಲ್ಲಿ ರಾಧಾಳ ಸೀರೆಗೆ ಬೆಂಕಿ ಹತ್ತಿದಾಗ ಅವಳು ಸಾಯುವುದಿಲ್ಲ; ಮಳೆಯಲ್ಲಿ ನೆನೆಯುತ್ತಾ ನಿಜಾಮುದ್ದೀನ್ ದರ್ಗಾದಲ್ಲಿ ಕಾಯುತ್ತಿರುವವಳ ಬಳಿ ಬಂದು ಕೂರುತ್ತಾಳೆ. ಆ ದಿನಗಳಲ್ಲಿ ಇದು ಸಣ್ಣ ಸಂಗತಿಯಲ್ಲ. ರೀಗಲ್ ಮುಂದೆ ಮೇಣದಬತ್ತಿ ಹಿಡಿದು ನಿಂತವರ ಕೈಯಲ್ಲಿ ತಾವು ಭಾರತೀಯರೂ ಹೌದು, ಲೆಸ್ಬಿಯನ್ನರೂ ಹೌದು ಎಂಬ ಫಲಕಗಳಿದ್ದವು. ಚಿತ್ರದ ಮೇಲಿನ ಜಗಳವು ಚಿತ್ರಕ್ಕಿಂತ ಹೆಚ್ಚು ಜನರಿಗೆ ವಿಷಯವನ್ನು ತಲುಪಿಸಿತು. 1921ರ ಬ್ರಿಟಿಷ್ ಹಿರಿಯರು ಹೆದರಿದ್ದು ಇದಕ್ಕೇ ಇರಬೇಕು.

ಆಮೇಲೆ ಹಿಂದಿಯಲ್ಲಿ ಏನಾದರೂ ಬದಲಾಯಿತೇ?

ಮೊದಲು ಕೆಟ್ಟಿತು, ಆಮೇಲೆ ನಿಧಾನವಾಗಿ ಸುಧಾರಿಸಿತು. 2004ರ ‘ಗರ್ಲ್‌ಫ್ರೆಂಡ್’ ಚಿತ್ರದ ಲೆಸ್ಬಿಯನ್ ಪಾತ್ರವು ಬಾಲ್ಯದ ದೌರ್ಜನ್ಯದಿಂದ ಗಂಡಸರನ್ನು ದ್ವೇಷಿಸುವ, ಗೆಳತಿಯನ್ನು ಬಿಟ್ಟುಕೊಡಲಾರದೆ ಹಿಂಸೆಗಿಳಿಯುವ ಖಳನಾಯಕಿ. ಸಂಪ್ರದಾಯವಾದಿಗಳೂ ಸಲಿಂಗಿಗಳ ಹಕ್ಕಿನ ಪರವಾದವರೂ ಬೇರೆ ಬೇರೆ ಕಾರಣಕ್ಕೆ ಒಂದೇ ಚಿತ್ರವನ್ನು ವಿರೋಧಿಸಿದ ಅಪರೂಪದ ಪ್ರಸಂಗವದು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡಸಂಹಿತೆಯ 377ನೆಯ ಕಲಮಿನ ವ್ಯಾಪ್ತಿಯಿಂದ ವಯಸ್ಕರ ಸಮ್ಮತಿಯ ಸಂಬಂಧಗಳನ್ನು ಹೊರಗಿಟ್ಟ ಮೇಲೆ ದೊಡ್ಡ ಬಂಡವಾಳದ ನಿರ್ಮಾಪಕರಿಗೂ ಧೈರ್ಯ ಬಂತು. 2019ರ ‘ಏಕ್ ಲಡ್ಕಿ ಕೋ ದೇಖಾ ತೋ ಐಸಾ ಲಗಾ’ ಪಂಜಾಬಿನ ಮೋಗಾದಂಥ ಸಣ್ಣ ಊರಿನ ಮನೆಮಗಳ ಕಥೆ. ಮಂಡ್ಯದ ನೋಡುಗರಿಗೆ ಅದು ಮುಂಬೈ ಫ್ಲಾಟಿನ ಕಥೆಗಿಂತ ಹತ್ತಿರವೆನಿಸಿದ್ದರೆ ಆಶ್ಚರ್ಯವಿಲ್ಲ. ಸಮಸ್ಯೆಯೆಂದರೆ, ನಾಯಕಿಯ ಪರವಾಗಿ ಎಲ್ಲವನ್ನೂ ವಿವರಿಸುವ ಕೆಲಸ ಒಬ್ಬ ಗಂಡಸಿನ ಪಾಲಾಗಿದೆ; ಅವಳು ಪ್ರೀತಿಸುವ ಹುಡುಗಿಯ ಪಾಲಿಗೆ ಹೆಸರಿಸುವಂಥ ದೃಶ್ಯಗಳೇ ಬಂದಿಲ್ಲ.

ಇದಕ್ಕಿಂತ ಎಷ್ಟೋ ಮೇಲ್ಮಟ್ಟದ್ದು 2021ರ ‘ಅಜೀಬ್ ದಾಸ್ತಾನ್ಸ್’ ಸಂಕಲನದಲ್ಲಿ ನೀರಜ್ ಘೇವಾನ್ ಮಾಡಿದ ‘ಗೀಲೀ ಪುಚ್ಚೀ’. ಕಾರ್ಖಾನೆಯ ಯಂತ್ರದ ಮುಂದೆ ದುಡಿಯುವ ದಲಿತ ಹೆಂಗಸು ಭಾರತಿ ಮಂಡಲ್. ಅವಳು ಬಯಸಿದ, ಅವಳಿಗೆ ಅರ್ಹತೆಯಿದ್ದ ಮೇಜಿನ ಕೆಲಸ ಬ್ರಾಹ್ಮಣ ಯುವತಿ ಪ್ರಿಯಾಳಿಗೆ ಸಿಗುತ್ತದೆ. ಇಬ್ಬರ ನಡುವೆ ಆಕರ್ಷಣೆಯಿದೆ, ಆದರೆ ಆ ಆಕರ್ಷಣೆ ಜಾತಿಯ ಗೆರೆಯನ್ನು ಅಳಿಸುವುದಿಲ್ಲ. ಚಹಾದ ಲೋಟದವರೆಗೂ ಆ ಗೆರೆ ಬರುತ್ತದೆ. ಪ್ರೀತಿ ಎಲ್ಲವನ್ನೂ ಗೆಲ್ಲುತ್ತದೆ ಎನ್ನುವ ಸಿನಿಮಾಗಳ ನಡುವೆ ಇದು ಯಾರಿಗೂ ರಿಯಾಯಿತಿ ತೋರದೆ ನಿಲ್ಲುತ್ತದೆ. ಕೊಂಕಣಾ ಸೇನ್ ಶರ್ಮಾ ಅವರ ಅಭಿನಯಕ್ಕಾಗಿಯಾದರೂ ಇದನ್ನು ನೋಡಬೇಕು.

2022ರ ‘ಬಧಾಯಿ ದೋ’ದಲ್ಲಿ ಮನೆಯವರ ಕಾಟ ತಪ್ಪಿಸಿಕೊಳ್ಳಲು ಒಬ್ಬ ಸಲಿಂಗಿ ಪೊಲೀಸನನ್ನು ಮದುವೆಯಾಗುವ ದೈಹಿಕ ಶಿಕ್ಷಣದ ಶಿಕ್ಷಕಿ ಮತ್ತು ಆಕೆಯ ಗೆಳತಿಯಾದ ಲ್ಯಾಬ್ ಟೆಕ್ನೀಷಿಯನ್ ಇದ್ದಾರೆ. ಬಾಡಿಗೆ ಮನೆ, ಸಂಬಳ, ಅತ್ತೆಯ ತಪಾಸಣೆ, ಮಗು ಬೇಕೆಂಬ ಆಸೆ, ಹೀಗೆ ದಿನನಿತ್ಯದ ವಿವರಗಳಿಂದ ಕಟ್ಟಿದ ಕಥೆಯದು. ಅದೇ ವರ್ಷದ ‘ಮಜಾ ಮಾ’ದಲ್ಲಿ ಮಾಧುರಿ ದೀಕ್ಷಿತ್ ಮದುವೆಯ ವಯಸ್ಸಿಗೆ ಬಂದ ಮಗನಿರುವ ತಾಯಿ. ಚಿತ್ರವಾಗಿ ಅದು ಸಾಧಾರಣ. ಆದರೆ ಇಂಥ ಒಲವು ಕಾಲೇಜು ಹುಡುಗಿಯರ ವಯಸ್ಸಿನ ಹುಚ್ಚು ಎಂದು ತಿಳಿದವರಿಗೆ ಅದು ಉತ್ತರ ಕೊಡುತ್ತದೆ.

ಪಕ್ಕದ ಮಲಯಾಳಂ ಹೇಗೆ?

ನಮಗಿಂತ ಬಹಳ ಮುಂದೆ. 1978ರಲ್ಲೇ ವಿ.ಟಿ. ನಂದಕುಮಾರ್ ಅವರ ಕಾದಂಬರಿಯನ್ನು ಆಧರಿಸಿದ ‘ರಂಡು ಪೆಣ್‌ಕುಟ್ಟಿಗಳ್’ ಬಂದಿತ್ತು. ಪದ್ಮರಾಜನ್ ಅವರ ‘ದೇಶಾಡನಕ್ಕಿಳಿ ಕರಯಾರಿಲ್ಲ’ (1986) ಶಾಲೆಯ ಪ್ರವಾಸದಿಂದ ತಪ್ಪಿಸಿಕೊಂಡು ಓಡುವ ಇಬ್ಬರು ಹುಡುಗಿಯರದು. ಅವರ ಸಂಬಂಧಕ್ಕೆ ಚಿತ್ರ ಹೆಸರು ಕೊಡುವುದಿಲ್ಲ, ಕೊನೆಗೆ ಇಬ್ಬರೂ ಉಳಿಯುವುದಿಲ್ಲ. 2004ರಲ್ಲಿ ಲಿಜಿ ಪುಲ್ಲಪ್ಪಳ್ಳಿ ಮಾಡಿದ ‘ಸಂಚಾರಂ’ ಅದೇ ನೆಲದ ಇಬ್ಬರು ಹುಡುಗಿಯರನ್ನು ಅದೇ ಅಂಚಿನವರೆಗೆ ಕರೆದೊಯ್ದು, ಅಲ್ಲಿಂದ ಬದುಕಿನ ಕಡೆಗೆ ತಿರುಗಿಸುತ್ತದೆ. ಎರಡೂ ಚಿತ್ರಗಳನ್ನು ಒಂದರ ಹಿಂದೆ ಒಂದು ನೋಡಿದರೆ ಹದಿನೆಂಟು ವರ್ಷಗಳ ಅಂತರ ಏನು ಮಾಡಿದೆಯೆಂದು ತಿಳಿಯುತ್ತದೆ.

ಕನ್ನಡದಲ್ಲಿ ಏಕೆ ಇಷ್ಟು ಕಡಿಮೆ?

ಕನ್ನಡದ ಜನಪ್ರಿಯ ಕಥನ ಹೆಣ್ಣಿನ ಮನಸ್ಸಿನ ಬಗ್ಗೆ ಅಂಜುಬುರುಕವಾಗಿತ್ತು ಎನ್ನಲಾಗದು. ಮೈಸೂರಿನ ತ್ರಿವೇಣಿಯವರ ‘ಶರಪಂಜರ’ವನ್ನೇ ನೋಡಿ: ಮದುವೆಗೆ ಮುಂಚಿನ ಸಂಬಂಧ, ಹೆರಿಗೆಯ ನಂತರದ ಮಾನಸಿಕ ಕಾಯಿಲೆ, ಗಂಡನ ಅಪನಂಬಿಕೆ, ಇವೆಲ್ಲ ಕಾದಂಬರಿಯಾಗಿ ಮನೆಮನೆಗೆ ಹೋಯಿತು, ಪುಟ್ಟಣ್ಣ ಕಣಗಾಲರ ಕೈಯಲ್ಲಿ ಸಿನಿಮಾ ಆಗಿ ಇನ್ನೂ ದೂರ ಹೋಯಿತು. ಹೆಣ್ಣಿನ ಆಸೆಯನ್ನು ಬರೆದವರಿದ್ದರು, ಓದಿದವರಿದ್ದರು. ಆದರೆ ಆ ಆಸೆ ಗಂಡಿನ ಕಡೆಗೇ ಇರುತ್ತದೆ ಎಂಬುದು ಎಲ್ಲರೂ ಒಪ್ಪಿಕೊಂಡ ಮಾತಾಗಿತ್ತು.

ರಂಗಭೂಮಿಯ ಒಂದು ಸಂಗತಿಯನ್ನು ಇಲ್ಲಿ ನೆನೆಯಬೇಕು. ಮೈಸೂರಿನವರಾದ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿದರು. ಎಲ್ಲ ಪಾತ್ರಗಳನ್ನೂ ಹೆಂಗಸರೇ ಮಾಡುತ್ತಿದ್ದರು. ನಾಗರತ್ನಮ್ಮನವರು ಸ್ವತಃ ಕಂಸ, ರಾವಣ, ದುರ್ಯೋಧನರ ಪಾತ್ರಗಳಿಗೆ ಹೆಸರಾದರು. 2012ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅಂಥ ತಂಡದ ನಾಟಕದಲ್ಲಿ ಶೃಂಗಾರದ ಪ್ರಸಂಗ ಬಂದರೆ ರಾಜನೂ ಹೆಣ್ಣು, ರಾಣಿಯೂ ಹೆಣ್ಣು, ಮತ್ತು ಮುಂದೆ ಕೂತವರಿಗೆ ಅದು ಗೊತ್ತು. ಇದನ್ನು ಲೆಸ್ಬಿಯನ್ ಚಿತ್ರಣವೆಂದು ಕರೆಯುವುದು ತಪ್ಪು. ಅದು ರಂಗದ ರೂಢಿ, ಕಲಾವಿದೆಯರ ಖಾಸಗಿ ಬದುಕಿಗೂ ಅದಕ್ಕೂ ಸಂಬಂಧ ಕಲ್ಪಿಸುವುದು ಅನ್ಯಾಯ. ಹೇಳಬೇಕಾದದ್ದು ಇಷ್ಟೇ: ಇಬ್ಬರು ಹೆಂಗಸರು ಪ್ರೇಮಿಗಳಾಗಿ ರಂಗದ ಮೇಲೆ ನಿಂತರೆ ನಮ್ಮ ಸೀಮೆಯ ಪ್ರೇಕ್ಷಕರ ಕಣ್ಣು ತಡೆಯಲಾರದು ಎಂಬ ವಾದಕ್ಕೆ ಚರಿತ್ರೆಯ ಬೆಂಬಲವಿಲ್ಲ. ಒಬ್ಬಳಿಗೆ ಮೀಸೆಯಿರಬೇಕಿತ್ತು, ಅಷ್ಟೆ.

ಸಿನಿಮಾದಲ್ಲಿ ಆ ಮೀಸೆಯ ಜಾಗಕ್ಕೆ ‘ಗಂಡುಬೀರಿ’ ಬಂದಳು. ಷೇಕ್ಸ್‌ಪಿಯರನ ನಾಟಕವೊಂದನ್ನು ಪರ್ವತವಾಣಿಯವರು ‘ಬಹಾದ್ದೂರ್ ಗಂಡ’ ಎಂದು ಕನ್ನಡಕ್ಕೆ ಒಗ್ಗಿಸಿದ್ದರು. ಅದರಿಂದ 1989ರ ‘ನಂಜುಂಡಿ ಕಲ್ಯಾಣ’ ಹುಟ್ಟಿತು, ಮಾಲಾಶ್ರೀ ತಾರೆಯಾದರು. ಜೋರುಮಾತಿನ, ಗಂಡಸರನ್ನು ಲೆಕ್ಕಕ್ಕಿಡದ, ಮದುವೆ ಬೇಡವೆನ್ನುವ ಹೆಣ್ಣನ್ನು ನಾಯಕ ಪಳಗಿಸಿ ದಾರಿಗೆ ತರುವ ಕಥೆ ಆ ಮೊದಲೂ ಇತ್ತು, ಆಮೇಲೂ ಬಂತು. ಟೆಂಟಿನಲ್ಲಿ ಕೂತು ನೋಡಿದ ನಾವೆಲ್ಲ ಅವಳ ಮೊದಲರ್ಧಕ್ಕೆ ಶಿಳ್ಳೆ ಹೊಡೆದೆವು, ಅವಳ ಸೋಲಿಗೆ ಚಪ್ಪಾಳೆ ತಟ್ಟಿದೆವು. ಗಂಡುಬೀರಿ ಲೆಸ್ಬಿಯನ್ ಅಲ್ಲ, ಲೆಸ್ಬಿಯನ್ ಮಹಿಳೆ ಗಂಡುಬೀರಿಯಾಗಿರಬೇಕೆಂದೂ ಇಲ್ಲ. ಆದರೆ ಗಂಡು ಬೇಡವೆನ್ನುವ ಹೆಣ್ಣಿನ ಮಾತನ್ನು ಕಡೆಯ ರೀಲಿನವರೆಗೂ ನಂಬಬಾರದು ಎಂಬ ಪಾಠವನ್ನು ನಾವು ಕಲಿತದ್ದು ಇಲ್ಲಿಯೇ. ಇನ್ನು ನಾಯಕಿಯ ಗೆಳತಿಯರ ಪಾಡಂತೂ ಕೇಳುವುದೇ ಬೇಡ. ಕಾಗದ ಮುಟ್ಟಿಸುವುದು, ಹಾಡಿನಲ್ಲಿ ಹಿಂದೆ ನಿಂತು ಕುಣಿಯುವುದು ಬಿಟ್ಟರೆ ಅವರಿಗೆ ಬೇರೆ ಕೆಲಸವಿರಲಿಲ್ಲ.

ಮೌನ ಮುರಿದದ್ದು ಚಿತ್ರಮಂದಿರದಲ್ಲಲ್ಲ, ಯೂಟ್ಯೂಬಿನಲ್ಲಿ. ಮುಂದೆ ‘ಗಂಟುಮೂಟೆ’ (2019) ನಿರ್ದೇಶಿಸಿದ ರೂಪಾ ರಾವ್ 2016ರಲ್ಲಿ ‘ದಿ ಅದರ್ ಲವ್ ಸ್ಟೋರಿ’ ಎಂಬ ವೆಬ್ ಸರಣಿಯನ್ನು ಮಾಡಿದರು. ಮೊಬೈಲ್ ಇಲ್ಲದ ತೊಂಬತ್ತರ ದಶಕದ ಕೊನೆಯ ಬೆಂಗಳೂರು. ಇಬ್ಬರು ಕಾಲೇಜು ಹುಡುಗಿಯರು. ಮನೆಯ ನಡುವೆ ಎಲ್ಲರಿಗೂ ಕೇಳುವಂತೆ ರಿಂಗಾಗುವ ಲ್ಯಾಂಡ್‌ಲೈನ್ ಫೋನು. ಜನರಿಂದ ಸಂಗ್ರಹಿಸಿದ ಹಣದಲ್ಲಿ ತಯಾರಾದ ಆ ಸರಣಿಯಲ್ಲಿ ಭಾಷಣವಿಲ್ಲ, ಖಳರಿಲ್ಲ. ಮನೆಯವರು ನಾವು ನೀವು ದಿನವೂ ಕಾಣುವಂಥ ಸಾಮಾನ್ಯ ಹೆತ್ತವರು. ಮಾತುಗಳಲ್ಲಿ ಇಂಗ್ಲಿಷಿನ ಪಾಲು ಹೆಚ್ಚು ಎಂಬುದು ನಿಜವಾದ ಕೊರತೆ. ಕೆ.ಆರ್. ಪೇಟೆಯ ಹಾಸ್ಟೆಲಿನ ಹುಡುಗಿ ಆಡುವ ಕನ್ನಡದಲ್ಲಿ ಈ ಪ್ರೀತಿಯನ್ನು ಹೇಳುವ ಜನಪ್ರಿಯ ಚಿತ್ರಕ್ಕೆ ಜಾಗ ಇನ್ನೂ ಖಾಲಿಯಿದೆ.

ಇಬ್ಬರು ಗೆಳತಿಯರ ಪ್ರತಿಯೊಂದು ಕಥೆಯನ್ನೂ ಪ್ರೇಮಕಥೆಯೆಂದು ಓದುವುದು ಸರಿಯೇ?

ಪ್ರತಿಯೊಂದನ್ನೂ ಹಾಗೆ ಓದಬೇಕಿಲ್ಲ. ಗೆಳೆತನ ತನ್ನಷ್ಟಕ್ಕೇ ದೊಡ್ಡದು, ಅದಕ್ಕೆ ಬೇರೆ ಸಮರ್ಥನೆ ಬೇಡ. ಆದರೆ ನೇರವಾಗಿ ಹೇಳಲು ಅವಕಾಶವಿಲ್ಲದ ಕಾಲದಲ್ಲಿ ಕಥೆಗಾರರು ಸೂಚನೆಗಳಲ್ಲಿ ಹೇಳಿದ್ದಾರೆ, ಓದುಗರು ಸೂಚನೆಗಳಲ್ಲೇ ಹಿಡಿದಿದ್ದಾರೆ. ಧ್ವನಿಯನ್ನು, ಅಂದರೆ ಸೂಚಿತವಾದ ಅರ್ಥವನ್ನು, ಕಾವ್ಯದ ಆತ್ಮವೆಂದ ಪರಂಪರೆಯವರು ನಾವು. ಇದೊಂದು ವಿಷಯದಲ್ಲಿ ಮಾತ್ರ ವಾಚ್ಯಾರ್ಥವನ್ನೇ ಹಿಡಿದು ಕೂರುವುದು ಸಲ್ಲದು.

ಇಂಥ ದೃಶ್ಯಗಳನ್ನು ಗಂಡಸರ ಚಪಲಕ್ಕಾಗಿಯೇ ಮಾಡುತ್ತಾರೆ ಎಂಬ ಆರೋಪ ಸರಿಯೇ?

ಅನೇಕ ಬಾರಿ ಸರಿ. ಫ್ರಾನ್ಸಿನ ‘ಬ್ಲೂ ಈಸ್ ದಿ ವಾರ್ಮೆಸ್ಟ್ ಕಲರ್’ 2013ರಲ್ಲಿ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಪಡೆಯಿತು. ಅದಕ್ಕೆ ಆಧಾರವಾದ ಚಿತ್ರಕಾದಂಬರಿಯನ್ನು ಬರೆದ ಮಾರೋ ಅವರೇ ಅದರ ದೀರ್ಘ ಶೃಂಗಾರ ದೃಶ್ಯಗಳನ್ನು ಟೀಕಿಸಿದರು. ಚಿತ್ರೀಕರಣದ ಜಾಗದಲ್ಲಿ ಲೆಸ್ಬಿಯನ್ನರೇ ಇರಲಿಲ್ಲವೇನೋ ಎಂಬುದು ಅವರ ಆಕ್ಷೇಪದ ತಿರುಳು. 2019ರಲ್ಲಿ ಸೆಲಿನ್ ಸಿಯಾಮಾ ಮಾಡಿದ ‘ಪೋರ್ಟ್ರೇಟ್ ಆಫ್ ಎ ಲೇಡಿ ಆನ್ ಫೈರ್’ ಹದಿನೆಂಟನೆಯ ಶತಮಾನದ ಒಬ್ಬ ಚಿತ್ರಕಾರ್ತಿ ಮತ್ತು ಅವಳು ಚಿತ್ರಿಸಬೇಕಾದ ಮದುವಣಗಿತ್ತಿಯ ಕಥೆ. ಅಲ್ಲಿ ಚಿತ್ರಿಸುವವಳು ನೋಡುತ್ತಿರುವಷ್ಟೇ ಚಿತ್ರಿಸಿಕೊಳ್ಳುವವಳೂ ನೋಡುತ್ತಿರುತ್ತಾಳೆ. ದೃಶ್ಯದಲ್ಲಿ ಎಷ್ಟು ಬಟ್ಟೆಯಿದೆ ಎಂಬುದಕ್ಕಿಂತ ಈ ವ್ಯತ್ಯಾಸ ಮುಖ್ಯ. ಆ ಪಾತ್ರಗಳಿಗೆ ಮಲಗುವ ಕೋಣೆಯಾಚೆ ಕೆಲಸ, ಸಾಲ, ನೆಂಟರು, ತಲೆನೋವು ಇವೆಯೇ ಎಂದು ನೋಡಿದರೆ ಸಾಮಾನ್ಯವಾಗಿ ಉತ್ತರ ಸಿಕ್ಕಿಬಿಡುತ್ತದೆ.

ಜಾಹೀರಾತುಗಳು?

ಎರಡನ್ನು ಹೇಳಿದರೆ ಸಾಕು. 2015ರಲ್ಲಿ ಬೆಂಗಳೂರಿನ ಮಿಂತ್ರಾದ ಅನೂಕ್ ಉಡುಪುಗಳ ಜಾಹೀರಾತು, ಹೆತ್ತವರನ್ನು ಬರಮಾಡಿಕೊಳ್ಳಲು ಸಿದ್ಧವಾಗುತ್ತಿರುವ ಲೆಸ್ಬಿಯನ್ ಜೋಡಿಯನ್ನು ಮೂರು ನಿಮಿಷ ಸಹಜವಾಗಿ ತೋರಿಸಿ ಮೆಚ್ಚುಗೆ ಗಳಿಸಿತು. 2021ರಲ್ಲಿ ಡಾಬರ್ ಕಂಪನಿಯ ಫೆಮ್ ಕ್ರೀಮಿನ ಜಾಹೀರಾತು ಇಬ್ಬರು ಹೆಂಗಸರು ಪರಸ್ಪರರಿಗಾಗಿ ಕರ್ವಾ ಚೌತ್ ಆಚರಿಸುವುದನ್ನು ತೋರಿಸಿತು. ಮಧ್ಯಪ್ರದೇಶದ ಅಂದಿನ ಗೃಹಸಚಿವರು ಕ್ರಮದ ಎಚ್ಚರಿಕೆ ಕೊಟ್ಟ ಮೇಲೆ ಕಂಪನಿ ಕ್ಷಮೆ ಕೇಳಿ ಅದನ್ನು ಹಿಂತೆಗೆದುಕೊಂಡಿತು. ಬಟ್ಟೆ ತೊಡುವ ಸ್ವಾತಂತ್ರ್ಯವಿದೆ, ಹಬ್ಬ ಮಾಡುವ ಸ್ವಾತಂತ್ರ್ಯವಿಲ್ಲ. ಮೈ ಬಿಳಿ ಮಾಡುವ ಕ್ರೀಮಿಗೆ ಯಾರೂ ಕ್ಷಮೆ ಕೇಳಲಿಲ್ಲ ಎಂಬುದನ್ನೂ ಇಲ್ಲಿ ಗುರುತಿಸಬಹುದು.

ಹಾಸ್ಟೆಲಿನಲ್ಲಿ ಹುಡುಗಿಯರೆಲ್ಲ ಥಾಯ್ ಧಾರಾವಾಹಿ ನೋಡುತ್ತಾರಲ್ಲ, ಅದೇನು?

ಥಾಯ್ಲೆಂಡಿನಲ್ಲಿ ಇಬ್ಬರು ಹುಡುಗಿಯರ ಪ್ರೇಮಕಥೆಗಳದ್ದೇ ಒಂದು ಉದ್ಯಮ ಬೆಳೆದಿದೆ. 2022ರ ‘ಗ್ಯಾಪ್’ ಸರಣಿಯ ಯಶಸ್ಸಿನ ನಂತರ ಅದು ಇನ್ನೂ ಹಿಗ್ಗಿದೆ. ಯೂಟ್ಯೂಬಿನಲ್ಲಿ ಅಡಿಬರಹದೊಂದಿಗೆ ಸಿಗುವುದರಿಂದ ಎಲ್ಲೆಡೆ ತಲುಪುತ್ತದೆ. ಶ್ರೀಮಂತ ಕಚೇರಿಗಳ, ಹೊಳೆಯುವ ಮುಖಗಳ ಕಥೆಗಳಿವು, ಕಲೆಯ ದೃಷ್ಟಿಯಿಂದ ಹೆಚ್ಚಿನದೇನೂ ಇಲ್ಲ. ಯಾರೂ ಸಾಯದೆ ಮುಗಿಯುವ ಕಥೆಯ ಹಸಿವು ಎಷ್ಟಿದೆ ಎಂಬುದನ್ನಂತೂ ಇವು ತೋರಿಸಿವೆ.

ಕಾನೂನಿನಲ್ಲಿ ಇಂಥ ಚಿತ್ರಣಕ್ಕೆ ತಡೆಯಿದೆಯೇ?

ಇಬ್ಬರು ಹೆಂಗಸರ ಪ್ರೀತಿಯನ್ನು ತೋರಿಸಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ಚಿತ್ರಮಂದಿರದ ಸಿನಿಮಾಗಳಿಗೆ 1952ರ ಸಿನಿಮಾಟೋಗ್ರಾಫ್ ಕಾಯ್ದೆಯಂತೆ ಪ್ರಮಾಣಪತ್ರ ಬೇಕು. 2023ರ ತಿದ್ದುಪಡಿಯಿಂದ ‘ಯುಎ’ ವರ್ಗವನ್ನು 7, 13 ಮತ್ತು 16 ವಯಸ್ಸಿನ ಮೇಲಿನವರಿಗೆಂದು ಮೂರಾಗಿ ವಿಂಗಡಿಸಲಾಗಿದೆ. ಒಟಿಟಿ ವೇದಿಕೆಗಳು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳಂತೆ ತಾವೇ ವಯೋವರ್ಗ ಸೂಚಿಸಬೇಕು. ಅಶ್ಲೀಲತೆ, ಸಾರ್ವಜನಿಕ ಶಾಂತಿ ಮುಂತಾದ ವಿಶಾಲವಾದ ಮಾತುಗಳಡಿ ಸೆನ್ಸಾರ್ ಮಂಡಳಿ ಅನುಮತಿ ನಿರಾಕರಿಸಬಹುದು. ಒಬ್ಬ ಲೆಸ್ಬಿಯನ್ ಯುವತಿಯ ಕಥೆಯೂ ಸೇರಿದ್ದ ‘ಅನ್‌ಫ್ರೀಡಂ’ಗೆ 2015ರಲ್ಲಿ ಹಾಗೆಯೇ ಆಯಿತು. ಗಲಾಟೆಯ ಬೆದರಿಕೆಯಿದೆ ಎಂಬ ಕಾರಣಕ್ಕೆ ಅಭಿವ್ಯಕ್ತಿಯನ್ನು ಹತ್ತಿಕ್ಕಲಾಗದು ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಎಸ್. ರಂಗರಾಜನ್ ಪ್ರಕರಣದಲ್ಲಿ ಹೇಳಿದೆ. ಮದುವೆಯ ವಿಷಯ ಬೇರೆ: 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ನ್ಯಾಯಾಲಯ ಸಲಿಂಗ ವಿವಾಹಕ್ಕೆ ಮಾನ್ಯತೆ ನೀಡಲು ನಿರಾಕರಿಸಿ ಅದನ್ನು ಶಾಸಕಾಂಗಕ್ಕೆ ಬಿಟ್ಟಿತು. ಹೀಗಾಗಿ ತೆರೆಯ ಮೇಲಿನ ಜೋಡಿಗಳು ಕೊನೆಯಲ್ಲಿ ಹಾರ ಬದಲಾಯಿಸಿಕೊಂಡರೂ ಕಾನೂನಿನ ಕಣ್ಣಿಗೆ ಅವರು ದಂಪತಿಯಲ್ಲ.

ಇವನ್ನೆಲ್ಲ ನೋಡಿ ನಮ್ಮ ಮಗಳು ಹಾಗಾಗಿಬಿಟ್ಟರೆ?

ಹೆತ್ತವರು ದನಿ ತಗ್ಗಿಸಿ ಕೇಳುವ ಪ್ರಶ್ನೆ ಇದು. ಸಿನಿಮಾ ನೋಡಿ ಒಲವು ಬದಲಾಗುವಂತಿದ್ದರೆ, ಹುಟ್ಟಿದಾಗಿನಿಂದ ಗಂಡು ಹೆಣ್ಣಿನ ಪ್ರೇಮಗೀತೆಗಳನ್ನೇ ನೋಡಿ ಬೆಳೆದ ಈ ದೇಶದಲ್ಲಿ ಲೆಸ್ಬಿಯನ್ನರೇ ಇರುತ್ತಿರಲಿಲ್ಲ. ಸಿನಿಮಾ ಮಾಡಬಲ್ಲದ್ದು, ಒಳಗೆ ಇದ್ದುದಕ್ಕೆ ಮಾತು ಕೊಡುವುದು. ಆ ಮಾತು ಸಿಕ್ಕಿದ ಮೇಲೆ ಮಗಳು ಮನೆಯಲ್ಲಿ ಬಾಯಿಬಿಡಬಹುದು. ಆಗ ಹರಕೆ, ತಾಯತ, ಅವಸರದ ಮದುವೆ, ‘ಸರಿಪಡಿಸುವ’ ಚಿಕಿತ್ಸೆ, ಇವುಗಳ ಹಿಂದೆ ಹೋಗಬೇಡಿ. ಅಮೆರಿಕದ ಮನೋವೈದ್ಯರ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಸಲಿಂಗ ಒಲವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆದುಹಾಕಿವೆ. ಮನೆಯವರ ಒತ್ತಡಕ್ಕೆ ಹೆದರಿ ಮಧುರೈಯಿಂದ ಚೆನ್ನೈಗೆ ಬಂದ ಇಬ್ಬರು ಯುವತಿಯರ ಅರ್ಜಿಯ ಮೇಲೆ ಮದ್ರಾಸ್ ಹೈಕೋರ್ಟ್ 2021ರಲ್ಲಿ ಇಂಥ ಚಿಕಿತ್ಸೆಗಳಿಗೆ ತಡೆ ಹಾಕಿತು. ಆ ಪ್ರಕರಣದ ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ತಮಗೆ ವಿಷಯ ಚೆನ್ನಾಗಿ ತಿಳಿದಿಲ್ಲವೆಂದು ಮೊದಲು ತಾವೇ ಒಬ್ಬ ಮನಃಶಾಸ್ತ್ರಜ್ಞರ ಬಳಿ ಕುಳಿತು ತಿಳಿದುಕೊಂಡರು. ಹೆತ್ತವರಿಗೂ ಅದೇ ದಾರಿ ತೆರೆದಿದೆ. ಸರ್ಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಕಾಲೇಜಿನಲ್ಲಿ ಇಂಥ ಚಿತ್ರವೊಂದನ್ನು ತೋರಿಸಿ ಚರ್ಚೆ ಮಾಡಬೇಕೆಂದಿದ್ದೇವೆ. ಏನು ಎಚ್ಚರ ವಹಿಸಬೇಕು?

1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ಕಲಮು, ಶಿಕ್ಷಣ ಸಂಸ್ಥೆಯ ಚಟುವಟಿಕೆಯ ಭಾಗವಾಗಿ ಅಲ್ಲಿಯ ಸಿಬ್ಬಂದಿ, ವಿದ್ಯಾರ್ಥಿಗಳು, ಅವರ ಪೋಷಕರು ಮತ್ತು ಸಂಸ್ಥೆಯ ಚಟುವಟಿಕೆಗಳಿಗೆ ಸಂಬಂಧಪಟ್ಟವರಿಗಷ್ಟೇ ಚಿತ್ರ ತೋರಿಸಲು ಅವಕಾಶ ಕೊಡುತ್ತದೆ. ಊರಿನವರನ್ನೆಲ್ಲ ಕರೆಯುವುದಾದರೆ ಹಕ್ಕುದಾರರ ಅನುಮತಿ ಬೇಕು. ಯಾರದೋ ಒಟಿಟಿ ಚಂದಾದಾರಿಕೆಯಿಂದ ಸಭಾಂಗಣದಲ್ಲಿ ತೋರಿಸುವುದು ಆ ವೇದಿಕೆಗಳ ಷರತ್ತಿಗೆ ವಿರುದ್ಧವಾಗುವುದರಿಂದ ನಿರ್ಮಾಪಕರಿಗೆ ಅಥವಾ ನಿರ್ದೇಶಕರಿಗೆ ನೇರವಾಗಿ ಬರೆಯುವುದು ಒಳ್ಳೆಯದು. ಸಣ್ಣ ಚಿತ್ರಗಳವರು ಎಷ್ಟೋ ಸಲ ಸಂತೋಷದಿಂದ ಒಪ್ಪುತ್ತಾರೆ. ‘ಎ’ ಪ್ರಮಾಣಪತ್ರದ ಚಿತ್ರವಾದರೆ ಹದಿನೆಂಟು ತುಂಬದ ಪಿಯು ವಿದ್ಯಾರ್ಥಿಗಳನ್ನು ಕೂರಿಸುವಂತಿಲ್ಲ. ಚರ್ಚೆಯಲ್ಲಿ ಯಾರನ್ನೂ ‘ನಿಮ್ಮ ಅನುಭವ ಹೇಳಿ’ ಎಂದು ಎಬ್ಬಿಸಿ ನಿಲ್ಲಿಸಬೇಡಿ, ಫೋಟೋ ತೆಗೆದು ಗುಂಪುಗಳಿಗೆ ಹಾಕಬೇಡಿ. ಅಂದು ಮುಂದಿನ ಸಾಲಿನಲ್ಲಿ ಕೂತಿದ್ದ ಹುಡುಗಿಗೆ ಮರುದಿನ ವಾರ್ಡನ್ ಮುಂದೆ ವಿವರಣೆ ಕೊಡುವ ಪರಿಸ್ಥಿತಿ ಬರಬಾರದು. ಯಾವ ಚಿತ್ರದಿಂದ ಆರಂಭಿಸಬೇಕೆಂದು ಕೇಳುವವರಿಗೆ ನಮ್ಮ ಸಲಹೆ ‘ಗೀಲೀ ಪುಚ್ಚೀ’. ಅದು ಸುಮಾರು ಮುಕ್ಕಾಲು ಗಂಟೆಯದಾದ್ದರಿಂದ, ಕೊನೆಯ ಬಸ್ಸು ಹಿಡಿಯಬೇಕಾದ ಪಾಂಡವಪುರ, ಮಳವಳ್ಳಿ ಕಡೆಯ ವಿದ್ಯಾರ್ಥಿನಿಯರೂ ಚರ್ಚೆ ಮುಗಿಸಿಕೊಂಡೇ ಹೊರಡಬಹುದು.